ಹೆಬ್ಬೆಟ್ಟುಗಳ ಗುಡ್ಡೆ

ಆಷಾಢದಲ್ಲಿ ನಮ್ಮ ಅಂಗಡಿಗೆ ಸತ್ತವರೇ ಗತಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣವನ್ನೂ ಜನ ಮುಂದಕ್ಕೆ ಹಾಕುತ್ತಾರೆ. ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಫ್ಲೆಕ್ಸ್ ಮುದ್ರಿಸಿ ಬದುಕುವ ನನ್ನಂಥವನಿಗೆ ಆ ತಿಂಗಳು ಬರುವುದು 'ಭಾವಪೂರ್ಣ ಶ್ರದ್ಧಾಂಜಲಿ'ಗಳು ಮಾತ್ರ. ರಾಜಕೀಯದವರ ಹುಟ್ಟುಹಬ್ಬದ ಫ್ಲೆಕ್ಸೂ ಒಂದೆರಡು ಇರುತ್ತವೆ, ಅವರು ಆಷಾಢದಲ್ಲೂ ಹುಟ್ಟಿರುತ್ತಾರೆ. ಆದರೆ ಅವರ ಮುಖ ಇನ್ನಷ್ಟು ಬೆಳ್ಳಗೆ ಮಾಡಿ, ಇನ್ನಷ್ಟು ಬೆಳ್ಳಗೆ ಮಾಡಿ ಎನ್ನುವಷ್ಟರಲ್ಲಿ ಮುಂದಿನ ಹುಟ್ಟುಹಬ್ಬವೇ ಹತ್ತಿರ ಬಂದಿರುತ್ತದೆ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್, ಒಂದು ದೊಡ್ಡ ಪ್ರಿಂಟರ್, ನಾನು, ನನ್ನ ಹೆಂಡತಿ. ಹಿಂದುಗಡೆಯೇ ಮನೆ, ಮನೆಯಲ್ಲಿ ಅವ್ವ. ಡಿಸೈನ್ ಮಾಡುವುದು ನಾನು, ತಪ್ಪು ಹುಡುಕುವುದು ಹೆಂಡತಿ. ಚಿಂತೆಯ ವಿಭಾಗ ಮಾತ್ರ ಪೂರ್ತಿ ನನ್ನದೇ. ಷಟರ್ ಎಳೆದು ಬೀಗ ಹಾಕಿ ಬೀದಿಯ ತುದಿಗೆ ಹೋದವನು ಮತ್ತೆ ಬಂದು ಬೀಗ ಎಳೆದು ನೋಡುತ್ತೇನೆ. ಸತ್ತವರ ಹೆಸರಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಅವರ ಆತ್ಮಕ್ಕೆ ಏನಾದೀತು ಎಂದು ಊಟದ ನಡುವೆ ಎದ್ದು ಬಂದು ಕಂಪ್ಯೂಟರ್ ತೆರೆದದ್ದೂ ಉಂಟು.

ಹೋದ ವರ್ಷದ ಆಷಾಢದಲ್ಲಿ ನನ್ನ ಚಿಂತೆಗೆ ಅಪರೂಪಕ್ಕೆ ಒಂದು ಗಟ್ಟಿ ಕಾರಣ ಸಿಕ್ಕಿತ್ತು. ಕೇರಳದ ಗಡಿಯ ಹತ್ತಿರ, ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅಪ್ಪನ ಒಬ್ಬಳೇ ತಂಗಿ. ಅವಳ ಗಂಡನನ್ನು, ಅಂದರೆ ನಮ್ಮ ಮಾವನನ್ನು, ಮೈಸೂರಿನ ಆಸ್ಪತ್ರೆಯಿಂದ 'ಇನ್ನು ಮನೆಗೆ ಕರ್ಕೊಂಡು ಹೋಗಿ' ಎಂದು ಕಳಿಸಿದ್ದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಮಾವನ ವಯಸ್ಸು ತುಂಬಿತ್ತು, ಅದಕ್ಕೆ ಯಾರೇನು ಮಾಡುವ ಹಾಗಿರಲಿಲ್ಲ. ನನ್ನ ಭಯ ಬೇರೆಯೇ ಇತ್ತು: ಸುದ್ದಿ ಬಂದ ದಿನ ಅವ್ವ ಮಣ್ಣಿಗೆ ಹೊರಡುತ್ತಾಳೋ ಇಲ್ಲವೋ.

ನಮ್ಮ ಕಡೆ ಹೂಳುವ ಹೊತ್ತಿಗೆ ಹೋಗಿ ನಿಲ್ಲುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಹೋದವರು ಒಂದು ಹಿಡಿ ಮಣ್ಣು ಗುಂಡಿಗೆ ಹಾಕಬೇಕು. ಹಾಕಿದರೆ ಹಳೆಯ ಜಗಳಗಳೂ ಅದರೊಂದಿಗೆ ಮುಚ್ಚಿಹೋಗುತ್ತವೆ. ಹಾಕದಿದ್ದರೆ ಆ ಮನೆಗೂ ಈ ಮನೆಗೂ ಇದ್ದ ದಾರಿ ಮುಚ್ಚಿಹೋಗುತ್ತದೆ. ಅವ್ವ ಮಾತ್ರ ಆಗಲೇ ತೀರ್ಮಾನ ಹೇಳಿಬಿಟ್ಟಿದ್ದಳು.

"ನಾನ್ ಬರಾಕಿಲ್ಲ ಕಣ್ಲಾ. ನನ್ ಗಂಡನ್ ಮಣ್ಣಿಗೆ ಯಾರ್ ಬಂದಿದ್ರು?"

ಈ ಪ್ರಶ್ನೆಯ ಭಾರ ತಿಳಿಯಬೇಕಾದರೆ ಅಪ್ಪನ ವಿಷಯ ಹೇಳಬೇಕು. ಅಪ್ಪ ವೀರನಹೊಸಹಳ್ಳಿಯ ಕಡೆ, ಕಾಡಿನಂಚಿನ ಒಣಹೊಲದಲ್ಲಿ ಹೊಗೆಸೊಪ್ಪು ಮತ್ತು ರಾಗಿ ಬೆಳೆಯುತ್ತಿದ್ದ. ಬೇಸಾಯ ಅವನ ಕಸುಬು. ಮಣ್ಣಿಗೆ ಹೋಗುವುದು ಅವನ ವ್ರತ. ಪಿರಿಯಾಪಟ್ಟಣವಿರಲಿ, ಕೆ.ಆರ್. ನಗರವಿರಲಿ, ಕೋಟೆಯಿರಲಿ, ಸಾವಿನ ಸುದ್ದಿ ಕಿವಿಗೆ ಬಿದ್ದರೆ ನೇಗಿಲು ಅಲ್ಲೇ ಬಿಟ್ಟು ಟವೆಲ್ ಹೆಗಲಿಗೆ ಹಾಕುತ್ತಿದ್ದ. ಹೋಗಿ ಸುಮ್ಮನೆ ಕೂರುವವನೂ ಅಲ್ಲ. ಬಿದಿರು ಕಡಿದು ಚಟ್ಟ ಕಟ್ಟುವುದು, ಗುಂಡಿಗೆ ಇಳಿದು ಮೂಲೆ ಸರಿ ಮಾಡುವುದು, ಅಳುವವರಿಗೆ ಕಾಫಿ ಕುಡಿಸುವುದು ಎಲ್ಲದಕ್ಕೂ ಅವನೇ. ಮದುವೆಗಳಿಗೆ ಮಾತ್ರ ಮೈಗಳ್ಳ. ಕೇಳಿದರೆ ಅವನದೇ ಒಂದು ಗಾದೆ: "ಮದ್ವೆಗೆ ಓಗ್ದಿದ್ರೆ ಊಟ ಉಳೀತದೆ ಕಣ್ಲಾ, ಮಣ್ಣಿಗೆ ಓಗ್ದಿದ್ರೆ ಮಾತು ಉಳೀತದೆ."

ಒಮ್ಮೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಒಲೆಗೆ ಬೆಂಕಿ ಕೊಟ್ಟಿದ್ದಾಗಲೇ ಪಿರಿಯಾಪಟ್ಟಣದ ಕಡೆಯಿಂದ ಯಾರದೋ ಸಾವಿನ ಸುದ್ದಿ ಬಂತು. ಬೆಂಕಿ ನೋಡ್ಕೊ ಎಂದು ಅವ್ವನಿಗೆ ಹೇಳಿ ಹೊರಟವನು ಬಂದದ್ದು ಮಾರನೆಯ ದಿನ. ಬಂಗಾರದ ಬಣ್ಣಕ್ಕೆ ಬರಬೇಕಿದ್ದ ಸೊಪ್ಪು ಕಾಫಿಪುಡಿಯ ಹಾಗಾಗಿತ್ತು. ಅವ್ವ ಆ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. "ಅವ್ರು ಅಲ್ಲಿ ಗುಂಡಿ ತೋಡ್ತಾ ಕುಂತಿದ್ರು, ನಾನ್ ಇಲ್ಲಿ ಸೊಪ್ಪಿನ್ ತಿಥಿ ಮಾಡ್ದೆ." ಬೈಗುಳವೇ ಅದು, ಆದರೆ ಹೇಳುವಾಗ ಅವಳ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು.

ಅಂಥ ಅಪ್ಪ ಕೊರೊನಾದ ಎರಡನೇ ಅಲೆಯಲ್ಲಿ ಹೋದ. ರೋಗದಿಂದಲ್ಲ. ಸೊಪ್ಪಿನ ಸಸಿ ನೆಡಿಸುತ್ತಿದ್ದವನು ಹೊಲದ ಬದುವಿನ ಮೇಲೆ ಕುಳಿತ, ಮತ್ತೆ ಏಳಲಿಲ್ಲ. ಆದರೆ ಆ ದಿನಗಳಲ್ಲಿ ಸತ್ತವರೆಲ್ಲ ಒಂದೇ ರೋಗದಿಂದ ಸತ್ತವರು. ಊರಿನ ಜನ ಬೇಲಿಯ ಆಚೆ ನಿಂತು ಕೈಮುಗಿದರು. ಚುಂಚನಕಟ್ಟೆಯಿಂದ ಹೊರಟ ಅವ್ವನ ತವರಿನವರನ್ನು ದಾರಿಯಲ್ಲೇ ತಡೆದು ವಾಪಸ್ ಕಳಿಸಿದರು. ಬೇಗೂರಿನ ಅತ್ತೆಗೆ ಊರಿನ ಗಡಿಯನ್ನೇ ದಾಟಲಾಗಲಿಲ್ಲ. ಕಂಡವರ ಗುಂಡಿಗೆಲ್ಲ ಇಳಿದವನ ಗುಂಡಿಯ ಸುತ್ತ ನಿಂತದ್ದು ಹೆಗಲು ಕೊಡಲು ಸಾಲುವಷ್ಟೇ ಜನ. ಮಣ್ಣು ಹಾಕಿದೆವು. ನಮ್ಮ ಹಿಡಿಗಳು ಮುಗಿದವು, ಗುಂಡಿ ಇನ್ನೂ ತುಂಬಿರಲಿಲ್ಲ. ಉಳಿದದ್ದನ್ನು ಸಲಿಕೆಯಲ್ಲಿ ಎಳೆದೆವು. ಆ ಸಲಿಕೆಯ ಸದ್ದು ಅವ್ವನ ಕಿವಿಯಲ್ಲಿ ಉಳಿದುಬಿಟ್ಟಿತು.

ದಾರಿಗಳು ತೆರೆದ ಮೇಲೆ ಅತ್ತೆ ಓಡಿ ಬಂದಳು. ಅವ್ವ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು ಒಂದೇ ಮಾತು: "ಈಗ್ಯಾಕ್ ಬಂದೆ? ಮಣ್ ಒಣಗೋಯ್ತು." ಅತ್ತೆ ನೀರೂ ಕುಡಿಯದೆ ಬಂದ ದಾರಿಯಲ್ಲೇ ಹಿಂದಿರುಗಿದಳು. ಅಲ್ಲಿಂದೀಚೆಗೆ ಅವ್ವ ಯಾರ ಮಣ್ಣಿಗೂ ಹೋಗಿಲ್ಲ. ಹಳ್ಳಿಯ ಹೊಲವನ್ನು ಪಾಲಿಗೆ ಕೊಟ್ಟು ನಮ್ಮ ಜೊತೆ ಹುಣಸೂರಿಗೆ ಬಂದವಳು, ಅಂಗಡಿಯಲ್ಲಿ ನಾನು ಮುದ್ರಿಸುವ ಶ್ರದ್ಧಾಂಜಲಿಗಳ ಕಡೆಗೂ ಮುಖ ತಿರುಗಿಸುತ್ತಿರಲಿಲ್ಲ.

ಅಪ್ಪ ಹೋದ ದಿನ ಅಂಗಡಿಗೆ ಬೀಗ. ನಾಲ್ಕು ತಾಲ್ಲೂಕಿನ ಸತ್ತವರಿಗೆ ಫ್ಲೆಕ್ಸ್ ಮಾಡಿದವನಿಗೆ ಅಪ್ಪನದೊಂದು ಮಾಡಲಾಗಲಿಲ್ಲ. ಫೋನಿನಲ್ಲಿದ್ದ ಒಂದು ಫೋಟೊವನ್ನು, ಹೊಲದಲ್ಲಿ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡದ್ದನ್ನು, ನನ್ನ ಜಾಲತಾಣದ ಖಾತೆಗೆ ಹಾಕಿ ಎರಡು ಸಾಲು ಬರೆದೆ. ಸ್ವಲ್ಪ ಹೊತ್ತಿಗೆಲ್ಲ ಫೋನು ಜೇಬಿನಲ್ಲಿ ಜ್ವರ ಬಂದ ಕೋಳಿಯ ಹಾಗೆ ನಡುಗತೊಡಗಿತು. ತೆಗೆದು ನೋಡಿದರೆ ಹೆಬ್ಬೆಟ್ಟುಗಳು. ಒಂದರ ಮೇಲೊಂದು ಲೈಕು. ಅಪ್ಪ ಸತ್ತದ್ದಕ್ಕೆ ಲೈಕು ಒತ್ತುವ ಜನವೂ ಇದ್ದಾರಲ್ಲ ಎಂದು ಫೋನ್ ಆರಿಸಿ ಇಟ್ಟೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಇಷ್ಟು ಹಿನ್ನೆಲೆ. ಈಗ ಆಷಾಢದ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಹೊರಗೆ ಜಿಟಿಜಿಟಿ ಮಳೆ, ಅಂಗಡಿಯಲ್ಲಿ ಗಿರಾಕಿ ಇಲ್ಲ. ಜಾಲತಾಣಗಳು ನಮ್ಮ ಬಗ್ಗೆ ಏನೇನೋ ಕೂಡಿಟ್ಟುಕೊಂಡು ಯಾರ್ಯಾರಿಗೋ ಮಾರುತ್ತವೆ ಎಂದು ಪತ್ರಿಕೆಯಲ್ಲಿ ಓದಿ ನನಗೆ ಸಣ್ಣಗೆ ಬೆವರು ಬಂತು.

"ನನ್ನದೂ ಮಾರಿಬಿಟ್ಟಿರ್ತಾರೆ ಕಣೆ."

"ತಗೊಂಡೋರ್ನ ನೆನೆಸ್ಕೊಂಡ್ರೆ ಅಯ್ಯೋ ಅನ್ಸುತ್ತೆ ಕಣ್ರೀ," ಎಂದಳು ಹೆಂಡತಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಎರಡು ದಿನ ಇಟ್ಕೊಂಡು, ತಲೆನೋವು ಬಂದು, ತಂದು ಬಾಗಿಲಲ್ಲಿ ಇಟ್ಟು ಹೋಗ್ತಾರೆ ನೋಡ್ತಿರಿ."

ನನ್ನ ಬಗ್ಗೆ ಅವರಿಗೆ ಏನು ಗೊತ್ತಿದೆ ಎಂದು ನಾವೇ ನೋಡೋಣ ಎಂದವಳೂ ಅವಳೇ. ಫ್ಲೆಕ್ಸ್ ಡಿಸೈನ್ ಮಾಡುವವರ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಒಂದು ವೆಬ್‌ಸೈಟಿನ ಕೊಂಡಿ ಕಳಿಸಿದ್ದರು. ನಮ್ಮ ಖಾತೆಯೊಳಗೆ ನೋಡಲು ಅದಕ್ಕೆ ಅನುಮತಿ ಕೊಟ್ಟರೆ ಸಾಕು. ನಾವು ಹಾಕಿದ್ದು, ಬರೆದದ್ದು, ಯಾವ ಊರಿನವರು ಯಾವ ಹೊತ್ತಿನಲ್ಲಿ ಏನು ಒತ್ತಿದರು ಎಂಬುದೆಲ್ಲವನ್ನೂ ಓದಿ ತಾನೇ ಚಿತ್ರ ಮಾಡಿ ಕೊಡುತ್ತದೆ. ಇನ್ಫೋಗ್ರಾಫಿಕ್ ಎನ್ನುತ್ತಾರೆ, ಅಂಕಿಗಳನ್ನು ಚಿತ್ರವಾಗಿ ತೋರಿಸುವುದು. ಅಂಥದ್ದೊಂದನ್ನು ನಾನೂ ಹಿಂದೆ ಪಂಚಾಯಿತಿಯವರಿಗೆ ಮಾಡಿಕೊಟ್ಟಿದ್ದೆ. ಶೌಚಾಲಯದ ಚಿತ್ರವನ್ನು ಊರೂರಿಗೆ ತಕ್ಕಂತೆ ಚಿಕ್ಕದು ದೊಡ್ಡದು ಮಾಡಿ ಜೋಡಿಸುವಷ್ಟರಲ್ಲಿ ಕನಸಿನಲ್ಲೂ ಶೌಚಾಲಯಗಳೇ ಸಾಲುಗಟ್ಟುತ್ತಿದ್ದವು.

ಅನುಮತಿ ಕೊಡಬೇಕೋ ಬೇಡವೋ, ಕೊಟ್ಟರೆ ಬ್ಯಾಂಕಿನವರೆಗೂ ಹೋಗಿಬಿಟ್ಟರೆ ಏನು ಗತಿ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಅವಳು ಒತ್ತಿಯಾಗಿತ್ತು.

ಕಾಫಿ ಲೋಟ ಬಾಯಿಗೆ ಎತ್ತಿದ್ದೆ. ಗುಟುಕು ಇಳಿಯುವುದರೊಳಗೆ ನನ್ನ ಇಷ್ಟು ವರ್ಷಗಳು ಪರದೆಯ ಮೇಲೆ ಬಂದು ನಿಂತಿದ್ದವು. ಕನ್ನಡದ ಆಯ್ಕೆಯೂ ಇತ್ತು. ಮೊದಲು ಒಂದು ಗಡಿಯಾರ. ನಾನು ಎಷ್ಟು ಹೊತ್ತಿಗೆ ಏನು ಬರೆಯುತ್ತೇನೆ ಎಂಬುದು ಅದರ ಮುಳ್ಳುಗಳ ಸುತ್ತ ದಳಗಳ ಹಾಗೆ ಅರಳಿತು. ಬೆಳಗಿನ ದಳಗಳು ದಪ್ಪ. ಆಮೇಲೆ ನನ್ನ ಮಾತುಗಳು, ಹೆಚ್ಚು ಬಳಸಿದ್ದು ದೊಡ್ಡದಾಗಿ, ಕಡಿಮೆ ಬಳಸಿದ್ದು ಚಿಕ್ಕದಾಗಿ. ನಡುವೆ ಕುಂಬಳಕಾಯಿಯ ಗಾತ್ರದಲ್ಲಿ 'ಹುಷಾರು' ಕುಳಿತಿತ್ತು. ಸುತ್ತಲೂ ಆನೆ, ಗ್ಯಾಸ್, ಬ್ರೇಕ್, ಮೋಸದ ಕರೆ, ರಸ್ತೆಯ ಗುಂಡಿ. 'ಸಂತೋಷ' ಎಂಬುದು ಮೂಲೆಯಲ್ಲಿ ಸಾಸಿವೆಯಷ್ಟಿತ್ತು.

ಹೆಂಡತಿ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ನಗು ಬರಬೇಕಿತ್ತು. ಬಂದದ್ದು ಬೆರಗು. ಯಾರೂ ಕೂತು ಇದನ್ನು ಬಿಡಿಸಿರಲಿಲ್ಲ. ನನ್ನ ಪರಿಚಯವೂ ಅದಕ್ಕಿರಲಿಲ್ಲ. ಆದರೂ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ವೀರನಹೊಸಹಳ್ಳಿ ರಸ್ತೆಯಲ್ಲಿ ಆನೆ ಇದೆಯಂತೆ ಹುಷಾರು ಎಂದು ಊರಿಗೆಲ್ಲ ಸಾರುವ ಒಬ್ಬ ಮನುಷ್ಯ ಅಲ್ಲಿ ಇದ್ದಕ್ಕಿದ್ದಂತೆ ನಿಂತಿದ್ದ. ನನ್ನನ್ನು ಹೆತ್ತವಳಿಗೂ ಇಷ್ಟು ಬೇಗ ನಾನು ಅರ್ಥವಾಗಿರಲಾರೆ.

ಪುಟ ಕೆಳಗೆ ಸರಿಯಿತು. ಉದ್ದಕ್ಕೂ ಒಂದು ಗೆರೆ, ನನ್ನ ವರ್ಷಗಳು. ಎಲ್ಲ ಕಡೆ ಚಪ್ಪಟೆ. ಅಂಗಡಿಯ ಜಾಹೀರಾತಿಗೆ ಒಂದೆರಡು ಚುಕ್ಕಿ, ಆನೆಗೆ ನಾಲ್ಕಾರು ಚುಕ್ಕಿ. ಒಂದು ಕಡೆ ಮಾತ್ರ ಮೇಲಿನಿಂದ ಚುಕ್ಕಿಗಳು ಉದುರತೊಡಗಿದವು. ಒಂದರ ಮೇಲೊಂದು ಬಿದ್ದು, ಜಾರಿ, ಪಕ್ಕಕ್ಕೆ ಸರಿದು, ಕೂತು. ಉದುರುವುದು ನಿಲ್ಲಲೇ ಇಲ್ಲ. ಬುಡ ಅಗಲವಾಯಿತು, ನೆತ್ತಿ ಎದ್ದಿತು, ಕಣ್ಣೆದುರೇ ಒಂದು ಗುಡ್ಡೆಯಾಯಿತು. ಅದರ ಮೇಲೆ ಎರಡೂ ಬದಿಗೆ ಬಲೂನು ಕಟ್ಟಿದ ಒಂದು ತಲೆಬರಹ ತೇಲಿ ಬಂತು: 'ನಿಮ್ಮ ಹರ್ಷದ ಶಿಖರ! ಈ ದಿನ ನಿಮ್ಮ ಬಳಗವು ನಿಮ್ಮೊಂದಿಗೆ ಸಂಭ್ರಮಿಸಿತು.'

ಬಲೂನುಗಳ ನಡುವೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅಪ್ಪ.

ಮುಚ್ಚಲು ಕೈ ಹಾಕಿದೆ. ಹೆಂಡತಿ ಮಣಿಕಟ್ಟು ಹಿಡಿದುಕೊಂಡಳು. "ಇರಿ," ಎಂದಳು. ಅವಳ ನಗು ನಿಂತಿತ್ತು. "ಇನ್ನೂ ಬೀಳ್ತಾ ಇದೆ."

ನಿಜ, ಇನ್ನೂ ಬೀಳುತ್ತಿತ್ತು. ಒಂದೊಂದು ಚುಕ್ಕಿ ಒಬ್ಬರು ಒತ್ತಿದ ಹೆಬ್ಬೆಟ್ಟು; ತಾಲ್ಲೂಕಿಗೊಂದು ಬಣ್ಣ. ಬಣ್ಣವನ್ನು ಅದು ಆಯಾ ಫೋಟೊದೊಳಗಿಂದಲೇ ಹೆಕ್ಕಿಕೊಳ್ಳುತ್ತದಂತೆ. ಅಪ್ಪ ನಿಂತದ್ದು ಉತ್ತ ಹೊಲದಲ್ಲಿ. ಹಾಗಾಗಿ ಹುಣಸೂರಿನವರು ಕೆಂಪು, ಪಿರಿಯಾಪಟ್ಟಣದವರು ಕಂದು, ಕೆ.ಆರ್. ನಗರದವರು ಹಸಿಮಣ್ಣಿನ ಕಪ್ಪು, ಕೋಟೆಯವರು ಒಣಗಿದ ಹೆಂಟೆಯ ಬಣ್ಣ. ಇಷ್ಟು ವರ್ಷ ಬಣ್ಣಗಳಲ್ಲೇ ಕೈಯದ್ದಿ ಬದುಕಿದವನು ನಾನು. ಆರಿಸು ಎಂದಿದ್ದರೆ ನೀಲಿ ಗುಲಾಬಿ ಹಾಕುತ್ತಿದ್ದೆ. ಯಾರೂ ಹೇಳದೆ ಆ ಯಂತ್ರ ಮಣ್ಣು ತಂದು ಸುರಿದಿತ್ತು.

ಆಗ ನನಗೆ ಹೊಳೆಯಿತು. ನಮ್ಮ ಜನಕ್ಕೆ ಫೋನಿನಲ್ಲಿ ಅಳುವ ಮುಖ ಎಲ್ಲಿ ಅಡಗಿದೆ ಎಂದು ಗೊತ್ತಿಲ್ಲ. ಹೆಬ್ಬೆಟ್ಟನ್ನು ಒತ್ತಿ ಹಿಡಿದರೆ ಅದು ಮೇಲೆ ಬರುತ್ತದೆ ಎಂಬುದು ನನಗೇ ಬಹಳ ತಡವಾಗಿ ತಿಳಿದದ್ದು. ಅವರು ಕಂಡದ್ದನ್ನು ಒತ್ತಿದ್ದರು. ಸಾವಿನ ಮನೆಯಲ್ಲೂ ಹಾಗೆಯೇ ಅಲ್ಲವೇ? ಹೋದವರು ಏನೂ ಮಾತಾಡುವುದಿಲ್ಲ. ಮುಖ ತೋರಿಸುತ್ತಾರೆ, ಜಗಲಿಯ ಮೇಲೆ ಕೂರುತ್ತಾರೆ, ಬಂದಿದ್ದೇನೆ ಎಂದು ಮನೆಯವರಿಗೆ ಗೊತ್ತಾದರೆ ಆಯಿತು. ಯಂತ್ರ ಅದನ್ನು ಸಂಭ್ರಮ ಎಂದುಕೊಂಡಿದ್ದರೆ ತಪ್ಪು ಅದರದ್ದಲ್ಲ. ಅದು ಒಂದು ಸಾವಿನ ಮನೆಗೂ ಹೋದದ್ದಲ್ಲ.

"ಅತ್ತೇ, ಇಲ್ಲಿ ಬನ್ನಿ ಸ್ವಲ್ಪ," ಎಂದು ಹೆಂಡತಿ ಅವ್ವನನ್ನು ಕೂಗಿದಳು. ಬೇಡ ಎಂದು ಸನ್ನೆ ಮಾಡಿದೆ. ಬಲೂನು ನೋಡಿದರೆ ಅವ್ವನ ಗತಿ ಏನು, ರಕ್ತದೊತ್ತಡದ ಮಾತ್ರೆ ತೆಗೆದುಕೊಂಡಿದ್ದಾಳೋ ಇಲ್ಲವೋ. ಕೊನೆಗೆ ಪರದೆಯ ಮೇಲ್ಭಾಗಕ್ಕೆ ಯಾರದೋ ಶ್ರದ್ಧಾಂಜಲಿಯ ಹಾಳೆಯೊಂದನ್ನು ಅಂಟಿಸಿ ಬಲೂನು ಮುಚ್ಚಿದೆ.

ಅವ್ವ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ಇದ್ಯಾವ್ ಉತ್ತಲಾ? ಗೆದ್ಲು ಇಡ್ದದಾ ಕಂಪೂಟ್ರಿಗೆ?"

"ಹುತ್ತ ಅಲ್ಲ ಅತ್ತೆ. ಮಾವ ಹೋದ ದಿನ ಇವರು ಅಪ್ಪನ ಫೋಟೊ ಹಾಕಿದ್ರಲ್ಲ, ಅದನ್ನ ನೋಡಿದೋರು. ಒಂದೊಂದು ಚುಕ್ಕಿ ಒಬ್ಬೊಬ್ರು."

"ನೋಡ್ಬುಟ್ಟು ಏನ್ ಮಾಡುದ್ರು?"

"ಒತ್ತಿದ್ರು."

"ಏನ?"

"ಹೆಬ್ಬೆಟ್ಟು."

ಅವ್ವ ನನ್ನ ಕಡೆ ತಿರುಗಿದಳು. "ಮನೇಲ್ ಕುಂತ್ಕಂಡು ಎಬ್ಬೆಟ್ಟು ಒತ್ತುದ್ರೆ ಮಣ್ಣಿಗೆ ಬಂದಂಗಾಯ್ತದೇನ್ಲಾ? ಇದ್ನೇನ್ ನಂಗ್ ತೋರ್ಸೀರಿ, ಬುಡಿ ಅತ್ಲಾಗೆ."

ಅವಳು ತಿರುಗಿ ಹೊರಟಳು. ಸುಮ್ಮನೆ ಇರಲಾರದೆ ಒಂದು ಚುಕ್ಕಿಯ ಮೇಲೆ ಮೌಸ್ ಇಟ್ಟೆ. ಒಂದು ಮುಖ ಅರಳಿತು, ಕೆಳಗೆ 'ಚುಂಚನಕಟ್ಟೆ' ಎಂದು. ತವರಿನ ಹೆಸರನ್ನು ಹೆಂಡತಿ ಗಟ್ಟಿಯಾಗಿ ಓದಿದಳು. ಅವ್ವ ಬಾಗಿಲಲ್ಲಿ ನಿಂತಳು.

"ಎಲ್ಲಿ, ತೋರ್ಸು." ಹತ್ತಿರ ಬಂದು ಬಗ್ಗಿ ನೋಡಿದಳು. "ಅಯ್, ಇವ್ನು ಅಕ್ಕಿ ಮಿಲ್ಲೋರ್ ಮಗ ಅಲ್ವಾ? ಇವ್ರಪ್ಪ ಓದಾಗ ಒಳೆ ತುಂಬಿ ಗದ್ದೆ ಬಯಲೆಲ್ಲ ನೀರು. ಎಣ ಎತ್ತಾಕೆ ಜನ ಇಲ್ಲ. ನಿಮ್ಮಪ್ಪ ಸೊಂಟುದ್ ಗಂಟ ನೀರಲ್ಲಿ ಒತ್ಕಂಡ್ ಓದ್ರು ಕಣ್ಲಾ. ಮೂರ್ ದಿನ ಚಳಿಜರ."

ಇನ್ನೊಂದು ಚುಕ್ಕಿ. ಪಿರಿಯಾಪಟ್ಟಣದ ಹೆಂಗಸು, ಮಗುವನ್ನು ಎತ್ತಿಕೊಂಡ ಫೋಟೊ. "ಇವ್ಳು ಯಾರೋ ಗೊತ್ತಿಲ್ಲ ಬುಡು," ಎಂದ ಅವ್ವ ಕುರ್ಚಿ ಎಳೆದುಕೊಂಡು ಕುಳಿತು, "ಇರು ಇರು, ಆ ಮೂಗ್ ನೋಡು. ಸೊಪ್ಪು ಸುಟ್ಟೋಯ್ತಲ್ಲ, ಆ ಮನೆಯೋಳು! ಅವತ್ ಸತ್ತೋಗಿದ್ದು ಇವ್ಳ್ ತಾತ," ಎಂದಳು.

ಮೌಸ್ ನನ್ನ ಕೈಯಲ್ಲಿ, ದಾರಿ ಅವಳದು. ಅಕ್ಷರ ಓದಲು ಬಾರದವಳು ಮೂಗು, ಹುಬ್ಬು, ನಿಂತ ಭಂಗಿ ನೋಡಿ ಮನೆ ಹೇಳುತ್ತಿದ್ದಳು. ಹಲವು ಸಲ ಎಡವಿದಳು, ಕೋಟೆಯವನೊಬ್ಬನನ್ನು ಕೆ.ಆರ್. ನಗರದ ಮನೆಗೆ ಸೇರಿಸಿ ಅವನ ಅಜ್ಜಿಯನ್ನೂ ಸಾಯಿಸಿದಳು. ಆದರೂ ಗುರುತು ಸಿಕ್ಕ ಮುಖದ ಹಿಂದೆಲ್ಲ ಒಂದು ಸಾವಿನ ಮನೆ, ಅದರ ಅಂಗಳದಲ್ಲಿ ಟವೆಲ್ ಹಾಕಿಕೊಂಡ ಅಪ್ಪ. ಯಂತ್ರ ಕಟ್ಟಿದ ಗುಡ್ಡೆಯ ಒಳಗೆ ಅವನು ನಡೆದ ದಾರಿಗಳು ಬೇರುಗಳ ಹಾಗೆ ಹರಡಿಕೊಂಡಿದ್ದವು. ಯಂತ್ರಕ್ಕೆ ಅಪ್ಪ ಗೊತ್ತಿಲ್ಲ, ಅವ್ವನಿಗೆ ಯಂತ್ರ ಗೊತ್ತಿಲ್ಲ. ಇಬ್ಬರೂ ಸೇರಿ ಆಷಾಢದ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಅಪ್ಪನ ಮಣ್ಣು ಮಾಡುತ್ತಿದ್ದರು, ಈ ಸಲ ಎಲ್ಲರನ್ನೂ ಕರೆದುಕೊಂಡು.

ಇನ್ನೊಂದನ್ನು ಗಮನಿಸಿದೆ. ಮೊದಲು "ಇವ್ನೂ ಒತ್ತವ್ನಾ" ಎನ್ನುತ್ತಿದ್ದ ಅವ್ವ ಯಾವಾಗಲೋ "ಇವ್ನೂ ಬಂದವ್ನಾ" ಎನ್ನತೊಡಗಿದ್ದಳು. ಹೆಂಡತಿಯೂ ಗಮನಿಸಿದ್ದಳು, ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಮಾತು ಕಡಿಮೆ ಮಾಡಿದಳು. "ಮುಂದ್ಲುದು," "ಮುಂದ್ಲುದು" ಅಷ್ಟೇ. ಗುರುತಿನ ಮುಖ ಬಂದರೂ ನಿಲ್ಲುತ್ತಿರಲಿಲ್ಲ. ಹೆಂಟೆಯ ಬಣ್ಣದ ಚುಕ್ಕಿಗಳ ಕಡೆಗೇ ಬೆರಳು ತೋರಿಸುತ್ತಿದ್ದಳು. ಅದು ಕೋಟೆಯವರ ಬಣ್ಣ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೇ ಹಿಡಿದಿದ್ದಳು. ಯಾರನ್ನು ಹುಡುಕುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಅತ್ತೆಗೆ ಖಾತೆಯೇ ಇದೆಯೋ ಇಲ್ಲವೋ. ಇಲ್ಲದಿದ್ದರೆ ಈವರೆಗೆ ಬಂದದ್ದೆಲ್ಲ ನೀರಿಗೆ ಬಿದ್ದಂತೆ. ಮಣ್ಣಿಗೆ ಎರಡನೆಯ ಸಲವೂ ಅವಳು ಬಾರದ ಹಾಗಾಗುತ್ತದೆ.

ಗುಡ್ಡೆಯ ಬುಡದಲ್ಲಿ, ಎಡಕ್ಕೆ, ಒಂದು ಚುಕ್ಕಿ. ಮೌಸ್ ಇಟ್ಟೆ. ಮುಖ ಬರಲಿಲ್ಲ. ಮುಖದ ಜಾಗದಲ್ಲಿ ಒಂದು ಹಸು. ಕೆಳಗೆ 'ಎನ್. ಬೇಗೂರು' ಎಂದಷ್ಟೇ.

"ಬೇಗೂರಿನವರು ಯಾರೋ ಹಸು ಹಾಕಿದ್ದಾರೆ, ಬಿಡು ಅವ್ವ," ಎಂದು ಮುಂದೆ ಸರಿಸಲು ಹೋದೆ.

"ಕೈ ತಗಿ." ಅವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಆ ಕೊಂಬ್ ನೋಡ್ಲಾ. ಒಳಕ್ ತಿರಿಕ್ಕಂಡು ಅಣೆ ಮುಟ್ತದೆ. ಇದು ನಮ್ ಕಂದು ಅಸೀನ್ ತಳಿ. ತಂಗಿ ಬಾಣ್ತನುಕ್ಕೆ ಆಲು ಇರ್ಲಿ ಅಂತ ನಿಮ್ಮಪ್ಪ ಕಾಡ್ ದಾರೀಲಿ ಅಟ್ಕಂಡ್ ಓಗಿ ಬುಟ್ ಬಂದಿದ್ರು. ಆ ಅಸೀನ್ ಮೊಮ್ಮಗ್ಳೋ ಮರಿಮಗ್ಳೋ ಇರ್ಬೇಕು ಇದು."

ಅವ್ವ ಸೆರಗಿನಿಂದ ಹೆಬ್ಬೆಟ್ಟು ಒರೆಸಿಕೊಂಡು ಪರದೆಯ ಮೇಲೆ ಹಸುವಿನ ಹಣೆಯ ಹತ್ತಿರ ಇಟ್ಟಳು. ಪರದೆ ಮುಟ್ಟಿದರೆ ಕಲೆಯಾಗುತ್ತದೆ ಎಂದು ಗಿರಾಕಿಗಳ ಮೇಲೆ ಹರಿಹಾಯುವವನು ನಾನು. ಆ ಕಲೆಯನ್ನು ಬಹಳ ದಿನ ಒರೆಸಲಿಲ್ಲ.

"ಎಂಗವ್ರಂತೆ ಈಗ?"

"ಯಾರವ್ವ?"

"ಇನ್ಯಾರು, ನಿಮ್ ಬೇಗೂರ್ ಮಾವ."

"ದಿನ ಎಣಿಸ್ತಾ ಇದ್ದಾರೆ."

"ಮತ್ಯಾಕ್ ಕುಂತಿದ್ದೀಯೆ? ಮಣ್ಣಿಗೇ ಓಗ್ಬೇಕು ಅಂತ ಕಾನೂನಾ? ಉಸ್ರಿರುವಾಗ್ಲೇ ನೋಡ್ಕ ಬರಾನ." ಎದ್ದು ನಿಂತವಳು ಮತ್ತೆ ಪರದೆಯ ಕಡೆ ಕೈ ಮಾಡಿದಳು. "ಇದ್ನೂ ಒಂದು ಪ್ಲೆಕ್ಸ್ ಮಾಡ್ಕ. ಅವಳೂ ನೋಡ್ಲಿ."

ಬಲೂನು ಕತ್ತರಿಸಿದೆ, ಹರ್ಷದ ಶಿಖರವನ್ನು ಅಳಿಸಿದೆ. ಅದರ ಜಾಗದಲ್ಲಿ ಏನು ಬರೆಯಬೇಕು ಎಂದು ಬಹಳ ಯೋಚಿಸಿ, ಬಿಟ್ಟೆ. ಅಪ್ಪನ ಫೋಟೊ, ಕೆಳಗೆ ಗುಡ್ಡೆ. ಹೆಂಡತಿ ಎಂದಿನಂತೆ ತಪ್ಪು ಹುಡುಕಲು ಕನ್ನಡಕ ಹಾಕಿಕೊಂಡು ಬಂದಳು. "ಒಂದೂ ತಪ್ಪಿಲ್ಲ ಕಣ್ರೀ," ಎಂದಳು. "ಅಕ್ಷರಾನೇ ಇಲ್ವಲ್ಲ, ಅದಕ್ಕೆ."

ಮಾರನೆಯ ಬೆಳಿಗ್ಗೆ ಫ್ಲೆಕ್ಸ್ ಸುರುಳಿ ಸುತ್ತಿ ಓಮ್ನಿಯಲ್ಲಿ ಹಾಕಿಕೊಂಡು ಹೊರಟೆವು. ಕೋಟೆ ದಾಟಿದ ಮೇಲೆ ದಾರಿಯುದ್ದಕ್ಕೂ ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿಯ ಹೊಲಗಳು, ಅದರಾಚೆ ಕಾಡು. ನನಗೆ ಟೈರಿನ ಚಿಂತೆ, ಆನೆಯ ಚಿಂತೆ, ಬಾಗಿಲಲ್ಲಿ ಅತ್ತೆ ಏನೆನ್ನುತ್ತಾಳೋ ಎಂಬ ಚಿಂತೆ. ಅವಳೂ "ಈಗ್ಯಾಕ್ ಬಂದೆ" ಎಂದುಬಿಟ್ಟರೆ? ಹಿಂದಿನ ಸೀಟಿನಲ್ಲಿ ಅವ್ವ ಸುರುಳಿಯನ್ನು ಮಗುವಿನ ಹಾಗೆ ಅಡ್ಡ ಮಲಗಿಸಿಕೊಂಡು ಕುಳಿತಿದ್ದಳು.

ಬೇಗೂರಿನಲ್ಲಿ ಗಾಡಿ ನಿಂತಾಗ ಅವ್ವ ಬಾಗಿಲ ಕಡೆ ಹೋಗಲೇ ಇಲ್ಲ. ನೇರ ಕೊಟ್ಟಿಗೆಗೆ ನಡೆದಳು. ಕಂದು ಹಸು ಮೇವು ಅಗಿಯುತ್ತಾ ತಲೆಯೆತ್ತಿತು. ಅವ್ವ ಅದರ ಕೊಂಬು ಹಿಡಿದು ನಿಂತಿರುವಾಗ ಅತ್ತೆ ಹಿತ್ತಿಲಿನಿಂದ ಬಂದಳು. ಬಂದವಳು ಗೂಟದ ಹಾಗೆ ನಿಂತುಬಿಟ್ಟಳು.

"ಅತ್ಗೆ," ಎಂದಳು.

"ಅಸ ನೋಡಾಕ್ ಬಂದೆ ಕಣವ್ವ," ಎಂದಳು ಅವ್ವ, ಹಸುವಿನ ಕಡೆಗೇ ಮುಖ ಮಾಡಿಕೊಂಡು. "ಆಲು ಎಂಗೆ ಕೊಡ್ತದೆ?"

"ಅಂಗೇ ಅದೆ. ಒದೀತದೆ."

"ಇದ್ರಜ್ಜೀನೂ ಒದೀತಿತ್ತು."

ಆಮೇಲೆ ಅತ್ತೆ ಅವ್ವನ ಕೈ ಹಿಡಿದುಕೊಂಡಳು. ಇಬ್ಬರೂ ಹಸುವಿನ ಎರಡು ಬದಿಗೆ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಬಹಳ ಹೊತ್ತು ಅತ್ತರು. ಹಸು ಯಾರನ್ನೂ ಒದೆಯಲಿಲ್ಲ.

ಮಳೆ ಇದ್ದುದರಿಂದ ಒಳಗೆ ಪಡಸಾಲೆಯಲ್ಲಿ ಫ್ಲೆಕ್ಸ್ ಬಿಚ್ಚಿದೆವು. ಸುರುಳಿ ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಒಂದು ಮೂಲೆಗೆ ಸೇರು, ಒಂದಕ್ಕೆ ಚೊಂಬು, ಒಂದಕ್ಕೆ ನನ್ನ ಚಪ್ಪಲಿ ಬೇಡವೆಂದು ಹೆಂಡತಿಯ ಬ್ಯಾಗು, ನಾಲ್ಕನೆಯ ಮೂಲೆಯ ಮೇಲೆ ಅತ್ತೆಯೇ ಕುಳಿತಳು. ಮಂಚದ ಮೇಲಿದ್ದ ಮಾವನನ್ನು ದಿಂಬಿಗೆ ಒರಗಿಸಿದೆ. ಇದೇನು ಎಂದು ಅವ್ವ ಅವರಿಗೆ ವಿವರಿಸಿದ ರೀತಿ ನೋಡಿದ್ದರೆ ಆ ವೆಬ್‌ಸೈಟ್ ಮಾಡಿದವರೇ ಬೆರಗಾಗುತ್ತಿದ್ದರು: "ಅವತ್ ಬರಾಕಾಗ್ದೋರೆಲ್ಲ ಇಂಗ್ ಬಂದವ್ರೆ ಕಣಣ್ಣ. ಮಿಸಿನ್ನೇ ತಾನಾಗ್ ತಾನೇ ಎಲ್ರುನೂ ಇಡ್ದು ಕೂರುಸ್ಬುಟ್ಟದೆ."

ಅತ್ತೆ ಹೇಳಿದಳು: "ಅಸೀನ್ ಚಿತ್ರ ಆಕ್ಕಂಡವ್ಳಲ್ಲ ಮೊಮ್ಮಗ್ಳು, ಅವ್ಳ್ ಪೋನಲ್ಲಿ ಅಣ್ಣನ್ ಪೋಟೋ ಬಂತು. ಓಗಾಕಿಲ್ಲ, ಬರಾಕಿಲ್ಲ. ಇದ್ನ ಒತ್ತುದ್ರೆ ಅಲ್ಗೆ ಓಯ್ತದೇನವ್ವ ಅಂತ ಆ ಮಗೀನ ಕೇಳ್ದೆ. ಓಯ್ತದೆ ಅಂದ್ಲು. ಅದ್ಕೆ ಒತ್ತುದೆ." ಅವ್ವನ ಕಡೆ ತಿರುಗಿ ಕೇಳಿದಳು, "ಬಂದಿತ್ತಾ ಅತ್ಗೆ?"

"ಬಂದಿತ್ತು ಕಣವ್ವ," ಎಂದಳು ಅವ್ವ.

ಮಾವ ಇಷ್ಟು ಹೊತ್ತೂ ಗುಡ್ಡೆಯನ್ನೇ ನೋಡುತ್ತಿದ್ದರು. ಉಸಿರು ಕೂಡಿಸಿಕೊಂಡು ನನ್ನ ಕಡೆ ತಿರುಗಿದರು. "ನಂಗೂ ಒಂದ್ ಇಂಗೇ ಮಾಡ್ತೀಯೇನ್ಲಾ ಅಳಿಯ?"

"ಅಯ್ಯೋ ಬಿಡಿ ಮಾವ," ಎಂದು ನಾನು ತಡಬಡಾಯಿಸಿದೆ.

"ಮಾಡು ಮಾಡು. ಆದ್ರೆ ಇಷ್ಟು ಎತ್ರ ಬರಾಕಿಲ್ಲ. ನಾನು ಬರೀ ಮದ್ವೆಗ್ ಓದೋನು."

ನಗು ಎಲ್ಲಿಂದ ಬಂತೋ, ಅವ್ವನಿಗೇ ಮೊದಲು ಬಂತು. ಆ ನಗುವಿನಲ್ಲೇ ಅತ್ತೆ ಮೊಣಕಾಲೂರಿ ಫ್ಲೆಕ್ಸಿನ ಮೇಲೆ ಬಗ್ಗಿದಳು. "ನಂದ್ಯಾವ್ದು ಅತ್ಗೆ ಇದ್ರಲ್ಲಿ?"

ಮುದ್ರಿಸಿದ ಮೇಲೆ ಯಾವ ಚುಕ್ಕಿಯೂ ಮುಖ ತೋರಿಸುವುದಿಲ್ಲ; ಎಲ್ಲ ಮಣ್ಣಿನ ಕಾಳುಗಳೇ. ಅವ್ವ ತಡವರಿಸಲಿಲ್ಲ. ಬುಡದಲ್ಲಿ, ಎಡಕ್ಕೆ, ಒಂದರ ಮೇಲೆ ಹೆಬ್ಬೆಟ್ಟು ಇಟ್ಟಳು. "ಇದೇ ಕಣವ್ವ ನಿಂದು. ಎಲ್ರುಗಿಂತ ಕೆಳುಗದೆ ನೋಡು, ಮೊದ್ಲು ಬಿದ್ದ ಮಣ್ಣು."

ನನಗೇನೋ ಅದರ ಪಕ್ಕದ್ದು ಅನ್ನಿಸಿತು. ಬಾಯಿ ತೆರೆಯುವ ಮೊದಲು ಹೆಂಡತಿಯ ಕಡೆ ನೋಡಿದೆ. ತಪ್ಪು ಹುಡುಕುವವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಅತ್ತೆ ಆ ಚುಕ್ಕಿಯ ಮೇಲೆ, ಅವ್ವನ ಹೆಬ್ಬೆಟ್ಟಿನ ಪಕ್ಕ, ತನ್ನದನ್ನೂ ಇಟ್ಟಳು.